ಡೆಂಟಲ್ ಸಿಸ್ಟಮ್ಯಾಟಿಕ್ ರಿವ್ಯೂ ಕೈಗೆ ಬಂದಾಗ ಎಲ್ಲಿ ಕಣ್ಣು ಹಾಯಿಸಬೇಕು

ಶೀರ್ಷಿಕೆಯಲ್ಲಿ ಸಿಸ್ಟಮ್ಯಾಟಿಕ್ ರಿವ್ಯೂ (ಒಂದು ಪ್ರಶ್ನೆಯ ಬಗೆಗಿನ ಅಧ್ಯಯನಗಳನ್ನೆಲ್ಲ ಕ್ರಮಬದ್ಧವಾಗಿ ಹುಡುಕಿ ಒಟ್ಟಿಗೆ ತೂಗಿ ನೋಡುವ ಪೇಪರ್) ಅಂತ ಇದ್ದರೆ ಸಾಕು, ಬಹಳ ಜನ ಮರುಮಾತಿಲ್ಲದೆ ಅದನ್ನು ಸೆಮಿನಾರ್ ಸ್ಲೈಡಿಗೆ ಹಾಕಿಬಿಡುತ್ತಾರೆ. ಯಾವ ಬಗೆಯ ಅಧ್ಯಯನಕ್ಕೆ ಎಷ್ಟು ಬೆಲೆ ಅಂತ ತೋರಿಸುವ ಎವಿಡೆನ್ಸ್ ಪಿರಮಿಡ್ಡಿನ ತುದಿಯಲ್ಲಿದೆ, ಇನ್ನೇನು ಬೇಕು ಅನ್ನೋ ಧೋರಣೆ. ಆದರೆ ದಂತವೈದ್ಯಕೀಯದಲ್ಲಿ ಈಗ ರಿವ್ಯೂಗಳಿಗೆ ಬರವಿಲ್ಲ. ಒಂದೇ ಪ್ರಶ್ನೆಗೆ ನಾಲ್ಕೈದು ಸಿಗುತ್ತವೆ, ಒಂದು ಉಪಯೋಗ ಇದೆ ಅನ್ನುತ್ತದೆ, ಇನ್ನೊಂದು ಇಲ್ಲ ಅನ್ನುತ್ತದೆ, ಮೂರನೆಯದು ಇನ್ನೂ ಸಂಶೋಧನೆ ಆಗಬೇಕು ಅಂತ ಜಾರಿಕೊಳ್ಳುತ್ತದೆ. ಯಾವುದನ್ನು ನಂಬಬೇಕು ಅನ್ನೋದು ತೀರ್ಮಾನ ಓದಿದರೆ ತಿಳಿಯುವುದಿಲ್ಲ. ಕೆಲಸ ಹೇಗೆ ಮಾಡಿದ್ದಾರೆ ಅಂತ ನೋಡಬೇಕು. ಅದನ್ನು ನೋಡುವ ಬಗೆಯನ್ನೇ ಇಲ್ಲಿ ಹೇಳುತ್ತಿದ್ದೇನೆ. ಎಂಡಿಎಸ್ (ದಂತವೈದ್ಯಕೀಯದ ಸ್ನಾತಕೋತ್ತರ ಪದವಿ) ಮಾಡುತ್ತಿರುವವರು, ಲೈಬ್ರರಿ ಡಿಸರ್ಟೇಶನ್ ಬರೆಯುತ್ತಿರುವವರು, ಕ್ಲಿನಿಕ್ ನಡೆಸುತ್ತಾ ಬಿಡುವಿನಲ್ಲಿ ಓದುವವರು, ಮೂವರಿಗೂ ಇದು ಬೇಕಾಗುತ್ತದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. "ಈ ರಿವ್ಯೂ ಪ್ರಿಸ್ಮಾ ಪಾಲಿಸಿದೆ, ಹಾಗಾಗಿ ಗುಣಮಟ್ಟ ಚೆನ್ನಾಗಿದೆ" ಅನ್ನೋ ಮಾತು ಎಲ್ಲ ಕಡೆ ಕೇಳುತ್ತೇವೆ, ಅಲ್ವಾ? ಅದು ತಪ್ಪು. ಪ್ರಿಸ್ಮಾ 2009ರಲ್ಲಿ ಬಂದದ್ದು, 2020ರ ಆವೃತ್ತಿ ಈಗ ಬಳಕೆಯಲ್ಲಿದೆ, 27 ಅಂಶಗಳ ಪಟ್ಟಿ. ಅದು ವರದಿ ಹೇಗೆ ಬರೆಯಬೇಕು ಅಂತ ಹೇಳುತ್ತದೆ, ಅಷ್ಟೇ. ಒಬ್ಬರೇ ಕೂತು ಒಂದೇ ಡೇಟಾಬೇಸ್ ಹುಡುಕಿದೆವು ಅಂತ ಸ್ಪಷ್ಟವಾಗಿ ಬರೆದರೂ ಪ್ರಿಸ್ಮಾದ ಆ ಅಂಶಕ್ಕೆ ಟಿಕ್ ಬೀಳುತ್ತದೆ. ವರದಿ ಪ್ರಾಮಾಣಿಕ, ಕೆಲಸ ಮಾತ್ರ ಕಳಪೆ.

ಗುಣಮಟ್ಟ ಅಳೆಯೋಕೆ ಬೇರೆ ಸಾಧನ ಬೇಕು. ಜಾಸ್ತಿ ಬಳಕೆಯಲ್ಲಿರುವುದು ಆಮ್‌ಸ್ಟಾರ್ 2. ಹಳೆಯ ಆಮ್‌ಸ್ಟಾರ್ 2007ರದ್ದು, 11 ಪ್ರಶ್ನೆಗಳಿದ್ದವು, ಜನ ಅದಕ್ಕೆ 11ಕ್ಕೆ ಇಷ್ಟು ಅಂತ ಅಂಕ ಹಾಕುತ್ತಿದ್ದರು. 2017ರಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ 16 ಪ್ರಶ್ನೆಗಳಿವೆ, ಮತ್ತು ಅಂಕ ಕೂಡಿಸಬೇಡಿ ಅಂತ ಮಾಡಿದವರೇ ಹೇಳಿದ್ದಾರೆ. ಆದರೂ "ಆಮ್‌ಸ್ಟಾರ್ 2 ಸ್ಕೋರ್ 12/16" ಅಂತ ಬರೆದ ಪೇಪರ್‌ಗಳು ಇವತ್ತಿಗೂ ಬರುತ್ತವೆ. ಅಂಥದ್ದು ಕಂಡರೆ, ಬರೆದವರು ಸಾಧನದ ಕೈಪಿಡಿ ಓದಿಲ್ಲ ಅಂತಲೇ ನನ್ನ ಲೆಕ್ಕ.

ಇನ್ನೊಂದು ವಿಷಯ. ಆಮ್‌ಸ್ಟಾರ್ 2 ಚಿಕಿತ್ಸೆ ಅಥವಾ ತಡೆಗಟ್ಟುವ ಕ್ರಮಗಳ ಪರಿಣಾಮ ನೋಡುವ ರಿವ್ಯೂಗಳಿಗಾಗಿ ಮಾಡಿದ್ದು. ಒಳಗಿರುವ ಅಧ್ಯಯನಗಳು ರ‍್ಯಾಂಡಮೈಸ್ಡ್ (ಯಾರಿಗೆ ಯಾವ ಚಿಕಿತ್ಸೆ ಅಂತ ಚೀಟಿ ಎತ್ತಿದ ಹಾಗೆ ನಿರ್ಧರಿಸಿದ್ದು) ಆಗಿರಬಹುದು, ಆಗದೆಯೂ ಇರಬಹುದು. ಬಾಂಡ್ ಸ್ಟ್ರೆಂತ್ (ಅಂಟು ಹಲ್ಲಿಗೆ ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಅನ್ನೋದು) ಬಗೆಗಿನ ಲ್ಯಾಬ್ ಅಧ್ಯಯನಗಳ ರಿವ್ಯೂಗೋ, ಶಾಲಾ ಮಕ್ಕಳಲ್ಲಿ ಹುಳುಕು ಎಷ್ಟಿದೆ ಅನ್ನೋ ಪ್ರಿವಲೆನ್ಸ್ ರಿವ್ಯೂಗೋ ಅದನ್ನು ತಂದು ಅಂಟಿಸಿದರೆ ಅರ್ಧ ಪ್ರಶ್ನೆಗಳು ಹೊಂದುವುದಿಲ್ಲ. ಪ್ರಿವಲೆನ್ಸ್ ರಿವ್ಯೂಗೆ ಜೆಬಿಐ ಅನ್ನೋ ಸಂಸ್ಥೆಯವರ 11 ಪ್ರಶ್ನೆಗಳ ಪಟ್ಟಿ ವಾಸಿ. ರೋಗಪತ್ತೆ ಪರೀಕ್ಷೆಯ ರಿವ್ಯೂ ಆಗಿದ್ದರೆ ರೋಬಿಸ್ ಅನ್ನೋ ಇನ್ನೊಂದು ಸಾಧನ ನೋಡಿ, ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಒಂದರಿಂದ ಹದಿನಾರಕ್ಕೆ ಹೋಗಬೇಡಿ

ಪ್ರಶ್ನೆಗಳನ್ನು ಕೊಟ್ಟ ಕ್ರಮದಲ್ಲೇ ತುಂಬುತ್ತಾ ಹೋದರೆ ಸಮಯ ಹಾಳು. 16ರಲ್ಲಿ ಏಳು ನಿರ್ಣಾಯಕ ಪ್ರಶ್ನೆಗಳು: 2, 4, 7, 9, 11, 13, 15. ಇವುಗಳಲ್ಲಿ ಎರಡು ಬಿದ್ದರೆ ರಿವ್ಯೂ ನೇರವಾಗಿ ತಳಕ್ಕೆ ಹೋಗುತ್ತದೆ, ಉಳಿದದ್ದು ಎಷ್ಟೇ ಚೆನ್ನಾಗಿರಲಿ. ಹಾಗಾಗಿ ಇವುಗಳಿಂದಲೇ ಶುರು ಮಾಡಿ. ಕ್ಲಿನಿಕ್ಕಿನಲ್ಲಿ ಒಂದು ನಿರ್ಧಾರಕ್ಕಾಗಿ ಓದುತ್ತಿದ್ದರೆ ಎರಡು ಬಿದ್ದ ಮೇಲೆ ನಿಲ್ಲಿಸಿ ಬೇರೆ ರಿವ್ಯೂ ಹುಡುಕಬಹುದು. ಡಿಸರ್ಟೇಶನ್‌ಗಾದರೆ ಹದಿನಾರೂ ತುಂಬಲೇಬೇಕು.

ಎರಡನೇ ಪ್ರಶ್ನೆ ಪ್ರೋಟೋಕಾಲ್ ಬಗ್ಗೆ. ಕೆಲಸ ಶುರು ಮಾಡುವ ಮುಂಚೆಯೇ ಏನು ಮಾಡುತ್ತೇವೆ ಅಂತ ಬರೆದಿಟ್ಟಿದ್ದರಾ? ಪೇಪರ್‌ನಲ್ಲಿ ಸಿಆರ್‌ಡಿ42 ಅಂತ ಶುರುವಾಗುವ ಪ್ರಾಸ್ಪೆರೊ ನಂಬರ್ ಕಂಡ ತಕ್ಷಣ ಹೌದು ಅಂತ ಟಿಕ್ ಹಾಕಬೇಡಿ. ಪ್ರಾಸ್ಪೆರೊ 2011ರಲ್ಲಿ ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದವರು ಶುರು ಮಾಡಿದ ಉಚಿತ ನೋಂದಣಿ, ಯಾರು ಬೇಕಾದರೂ ತೆರೆದು ನೋಡಬಹುದು. ಆ ನಂಬರ್ ಹಾಕಿ ದಾಖಲೆ ತೆರೆಯಿರಿ. ನೋಂದಣಿಯ ದಿನಾಂಕ ನೋಡಿ, ಪೇಪರ್‌ನಲ್ಲಿ ಹುಡುಕಾಟ ಮುಗಿಸಿದ ದಿನಾಂಕ ನೋಡಿ, ಎರಡನ್ನೂ ಪಕ್ಕ ಪಕ್ಕ ಇಡಿ. ಎಲ್ಲ ಮುಗಿದ ಮೇಲೆ, ಜರ್ನಲ್‌ನವರು ಕೇಳುತ್ತಾರೆ ಅಂತ ನೋಂದಾಯಿಸಿದ್ದು ಕೆಲವೊಮ್ಮೆ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಮುಖ್ಯ ಫಲಿತಾಂಶ ಅಂತ ಪ್ರೋಟೋಕಾಲ್‌ನಲ್ಲಿ ಏನು ಬರೆದಿದ್ದರು, ಪೇಪರ್‌ನಲ್ಲಿ ಏನು ಬಂದಿದೆ ಅಂತ ಹೋಲಿಸಿ. ಪ್ರೋಟೋಕಾಲ್‌ನಲ್ಲಿ ಹಲ್ಲು ಉಳಿದಿದೆಯಾ ಇಲ್ಲವಾ ಅನ್ನೋದು ಮುಖ್ಯವಾಗಿದ್ದು, ಪೇಪರ್‌ನಲ್ಲಿ ಪ್ಲಾಕ್ ಇಂಡೆಕ್ಸ್ (ಹಲ್ಲಿನ ಮೇಲೆ ಕೂತ ಅಂಟು ಪದರದ ಅಳತೆ) ಮುಖ್ಯವಾಗಿಬಿಟ್ಟಿದ್ದರೆ ಕಾರಣ ಕೊಟ್ಟಿರಬೇಕು. ಬದಲಾವಣೆ ತಪ್ಪಲ್ಲ, ಹೇಳದೆ ಬದಲಾಯಿಸುವುದು ತಪ್ಪು.

ಏಳನೆಯದು ಬಹಳ ರಿವ್ಯೂಗಳು ಮುಗ್ಗರಿಸುವ ಜಾಗ. ಪೂರ್ತಿ ಪೇಪರ್ ಓದಿ ಕೈಬಿಟ್ಟ ಅಧ್ಯಯನಗಳ ಪಟ್ಟಿ ಬೇಕು, ಒಂದೊಂದಕ್ಕೂ ಕಾರಣ ಬೇಕು. ಎಷ್ಟು ಅಧ್ಯಯನ ಸಿಕ್ಕವು, ಎಷ್ಟು ಉಳಿದವು ಅಂತ ತೋರಿಸುವ ಪ್ರಿಸ್ಮಾ ಚಿತ್ರದಲ್ಲಿ "ಕೈಬಿಟ್ಟದ್ದು 38, ಕಾರಣ: ಮಾನದಂಡಕ್ಕೆ ಹೊಂದಲಿಲ್ಲ" ಅಂತ ಒಂದು ಡಬ್ಬಿ ಇದ್ದರೆ ಅದು ಪಟ್ಟಿ ಆಗುವುದಿಲ್ಲ. ಸಪ್ಲಿಮೆಂಟರಿ ಫೈಲ್ ತೆರೆಯದೆ ಇಲ್ಲ ಅಂತ ಮಾತ್ರ ಬರೆಯಬೇಡಿ, ಎಷ್ಟೋ ಸಲ ಅಲ್ಲಿ ಅಡಗಿರುತ್ತದೆ. ಕಾಕ್ರೇನ್ (ಆರೋಗ್ಯದ ಬಗ್ಗೆ ರಿವ್ಯೂ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ) ರಿವ್ಯೂಗಳಲ್ಲಿ ಈ ಪಟ್ಟಿಗೆ ಬೇರೆ ಕೋಷ್ಟಕವೇ ಇರುತ್ತದೆ, ಹಾಗಾಗಿ ಅವು ಇಲ್ಲಿ ಸುಲಭವಾಗಿ ಪಾಸಾಗುತ್ತವೆ. ಕೆಲವರಿಗೆ ಇದು ಬರೀ ಕಾಗದದ ನಿಯಮ ಅನ್ನಿಸುತ್ತದೆ. ನನಗೆ ಹಾಗನ್ನಿಸುವುದಿಲ್ಲ. ತಮಗೆ ಬೇಡದ ಫಲಿತಾಂಶ ಕೊಟ್ಟ ಟ್ರಯಲ್ ಒಂದನ್ನು ಹೊರಗಿಡಬೇಕು ಅಂದರೆ ಅದಕ್ಕೆ ಅತ್ಯಂತ ಸುಲಭದ ಜಾಗ ಇದೇ.

ನಾಲ್ಕನೆಯದು ಹುಡುಕಾಟ. ಕನಿಷ್ಠ ಎರಡು ಡೇಟಾಬೇಸ್, ಬಳಸಿದ ಪದಗಳು ಅಥವಾ ಹುಡುಕಿದ ಕ್ರಮ, ಭಾಷೆ ಅಥವಾ ವರ್ಷದ ನಿರ್ಬಂಧ ಇದ್ದರೆ ಅದಕ್ಕೆ ಸಮರ್ಥನೆ, ಇಷ್ಟಿದ್ದರೆ ಭಾಗಶಃ ಹೌದು. ಪೂರ್ತಿ ಹೌದು ಅನ್ನಬೇಕಾದರೆ ಉಲ್ಲೇಖ ಪಟ್ಟಿಗಳನ್ನೂ ಟ್ರಯಲ್ ನೋಂದಣಿಗಳನ್ನೂ ನೋಡಿರಬೇಕು, ವಿಷಯ ಬಲ್ಲವರನ್ನು ಕೇಳಿರಬೇಕು, ಸಂಬಂಧಪಟ್ಟ ಕಡೆ ಅಚ್ಚಾಗದ ಸಾಹಿತ್ಯವನ್ನೂ ಹುಡುಕಿರಬೇಕು, ಮತ್ತು ರಿವ್ಯೂ ಮುಗಿಯುವ 24 ತಿಂಗಳ ಒಳಗೆ ಹುಡುಕಾಟ ನಡೆದಿರಬೇಕು. ಡೇಟಾಬೇಸ್ ಲೆಕ್ಕದಲ್ಲಿ ಒಂದು ಚಮತ್ಕಾರ ನಡೆಯುತ್ತದೆ, ಗಮನಿಸಿ. "ಮೆಡ್‌ಲೈನ್, ಪಬ್‌ಮೆಡ್, ಸೈನ್ಸ್‌ಡೈರೆಕ್ಟ್, ವೈಲಿ ಆನ್‌ಲೈನ್ ಲೈಬ್ರರಿ" ಅಂತ ನಾಲ್ಕು ಹೆಸರು ಬರೆದಿರುತ್ತಾರೆ. ಪಬ್‌ಮೆಡ್‌ನಲ್ಲಿ ಬಹುಪಾಲು ಇರುವುದೇ ಮೆಡ್‌ಲೈನ್. ಕೊನೆಯ ಎರಡು ಪ್ರಕಾಶಕರ ಅಂಗಡಿಗಳು. ನಿಜವಾಗಿ ಹುಡುಕಿದ್ದು ಒಂದೇ. ಎಂಬೇಸ್ ಮತ್ತು ಕಾಕ್ರೇನ್‌ನ ಸೆಂಟ್ರಲ್ ಇವೆಯಾ ನೋಡಿ. ದಂತವೈದ್ಯಕೀಯಕ್ಕೆ ಲ್ಯಾಟಿನ್ ಅಮೆರಿಕದ ಲಿಲಾಕ್ಸ್ ಡೇಟಾಬೇಸ್ ಕೂಡ ಮುಖ್ಯ, ಯಾಕೆಂದರೆ ಬ್ರೆಜಿಲ್‌ನಲ್ಲಿ ಹಲ್ಲಿನ ಸಂಶೋಧನೆ ಬಹಳ ಜೋರು, ಅದರಲ್ಲಿ ಒಂದು ಭಾಗ ಪೋರ್ಚುಗೀಸ್ ಭಾಷೆಯಲ್ಲೇ ಬರುತ್ತದೆ. ಇಂಗ್ಲಿಷ್ ಮಾತ್ರ ಅಂತ ಬಾಗಿಲು ಹಾಕಿಕೊಂಡರೆ ಅದೆಲ್ಲ ಹೊರಗೆ.

ನಮ್ಮ ಕಡೆಯದ್ದೂ ಹೀಗೇ. ಭಾರತದ ಎಷ್ಟೋ ಡೆಂಟಲ್ ಜರ್ನಲ್‌ಗಳು ಮೆಡ್‌ಲೈನ್‌ನಲ್ಲಿ ಇಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ವರ್ಷ ವರ್ಷ ಎಂಡಿಎಸ್ ಡಿಸರ್ಟೇಶನ್‌ಗಳು ಬರುತ್ತವೆ, ಅದರಲ್ಲಿ ಟ್ರಯಲ್‌ಗಳೂ ಇರುತ್ತವೆ, ಪೇಪರ್ ಆಗದೆ ಉಳಿದದ್ದು ಕಪಾಟಿನಲ್ಲೇ. ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಸಿಟಿಆರ್‌ಐ 2007ರಿಂದ ಇದೆ, ಹುಡುಕೋಕೆ ದುಡ್ಡು ಬೇಕಿಲ್ಲ. ಭಾರತೀಯ ಟ್ರಯಲ್‌ಗಳೇ ತುಂಬಿರುವ ರಿವ್ಯೂ, ಅದನ್ನು ಬರೆದವರೂ ಇಲ್ಲಿನವರೇ, ಆದರೂ ಸಿಟಿಆರ್‌ಐ ಕಡೆ ತಲೆ ಹಾಕಿಲ್ಲ ಅಂದರೆ ನಾನು ಪೂರ್ತಿ ಹೌದು ಕೊಡುವುದಿಲ್ಲ.

ಹಲ್ಲಿಗೇ ವಿಶೇಷವಾದ ಬಲೆಗಳು

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಸಾಮಾನ್ಯ ಚೆಕ್‌ಲಿಸ್ಟ್‌ಗಳು ಹೇಳದೇ ಬಿಡುವ, ಆದರೆ ನಮ್ಮ ಕ್ಷೇತ್ರದಲ್ಲಿ ಫಲಿತಾಂಶವನ್ನೇ ತಿರುಚುವ ಸಂಗತಿಗಳು ಇವು. ಆಮ್‌ಸ್ಟಾರ್ 2ರಲ್ಲಿ ಇವಕ್ಕೆ ಅಂತ ಪ್ರತ್ಯೇಕ ಪ್ರಶ್ನೆ ಇಲ್ಲ. ಮೆಟಾ ಅನಾಲಿಸಿಸ್ (ಹಲವು ಅಧ್ಯಯನಗಳ ಫಲಿತಾಂಶವನ್ನು ಲೆಕ್ಕ ಹಾಕಿ ಒಟ್ಟುಗೂಡಿಸುವುದು) ಸರಿಯಾಗಿದೆಯಾ ಅಂತ ಕೇಳುವ 11ನೇ ಪ್ರಶ್ನೆಯ ಕೆಳಗೆ ನೀವೇ ಸೇರಿಸಿಕೊಳ್ಳಿ.

ಮೊದಲನೆಯದು ಲೆಕ್ಕದ ಘಟಕ. ಒಬ್ಬ ರೋಗಿಯ ಬಾಯಲ್ಲಿ ಹಲವು ಹಲ್ಲು, ಒಂದೊಂದು ಹಲ್ಲಿಗೆ ಹಲವು ಮೇಲ್ಮೈ, ಒಂದೊಂದು ಹಲ್ಲಿನ ಸುತ್ತ ಆರು ಕಡೆ ಪ್ರೋಬಿಂಗ್ (ಒಸಡಿನ ಆಳ ಅಳೆಯುವುದು). ಒಂದು ಟ್ರಯಲ್‌ನಲ್ಲಿ 40 ರೋಗಿಗಳು, ತಲಾ ನಾಲ್ಕರಂತೆ 160 ಇಂಪ್ಲಾಂಟ್ ಅಂದುಕೊಳ್ಳಿ. ರಿವ್ಯೂನವರು ಎಲ್ಲ ಟ್ರಯಲ್‌ಗಳ ಫಲಿತಾಂಶವನ್ನು ಒಂದರ ಕೆಳಗೊಂದು ತೋರಿಸುವ ಫಾರೆಸ್ಟ್ ಪ್ಲಾಟ್‌ನಲ್ಲಿ 160 ಅಂತಲೇ ಹಾಕಿದ್ದಾರೆ. ಆದರೆ ಒಬ್ಬನೇ ವ್ಯಕ್ತಿ ಸಿಗರೇಟ್ ಸೇದುವವನಾದರೆ, ಸಕ್ಕರೆ ಕಾಯಿಲೆ ಇದ್ದರೆ, ನಾಲ್ಕೂ ಇಂಪ್ಲಾಂಟ್‌ಗಳ ಹಣೆಬರಹ ಒಂದೇ ಕಡೆ ವಾಲುತ್ತದೆ. ಅವು ನಾಲ್ಕು ಸ್ವತಂತ್ರ ಸಾಕ್ಷಿಗಳಲ್ಲ. ಒಂದೇ ಬಾಯಿಯವುಗಳ ನಡುವಿನ ಹೋಲಿಕೆಯನ್ನು ಅಳೆಯುವ ಐಸಿಸಿ 0.3 ಅಂತ ಇಟ್ಟುಕೊಂಡರೆ, ತಲಾ ನಾಲ್ಕರಲ್ಲಿ ಒಂದು ಕಳೆದು ಉಳಿದ 3ನ್ನು 0.3ರಿಂದ ಗುಣಿಸಿ, ಅದಕ್ಕೆ 1 ಸೇರಿಸಿ, 1.9. 160ನ್ನು 1.9ರಿಂದ ಭಾಗಿಸಿ, ಸುಮಾರು 84. ಅಂದರೆ ಆ ಟ್ರಯಲ್‌ಗೆ ಅರ್ಧದಷ್ಟು ಮಾಹಿತಿಯ ಬೆಲೆ ಮಾತ್ರ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಉತ್ತರ ಇರಬಹುದಾದ ವ್ಯಾಪ್ತಿ) ಸುಮ್ನೆ ಕಿರಿದಾಗುತ್ತದೆ, ಇಲ್ಲದ ವ್ಯತ್ಯಾಸ ಇದೆ ಅನ್ನಿಸುತ್ತದೆ. ನೋಡುವುದು ಸುಲಭ: ಫಾರೆಸ್ಟ್ ಪ್ಲಾಟ್‌ನ ಒಟ್ಟು ಸಂಖ್ಯೆ ರೋಗಿಗಳದ್ದಾ, ಹಲ್ಲುಗಳದ್ದಾ ಅಂತ ಕೋಷ್ಟಕದ ಜೊತೆ ತಾಳೆ ಹಾಕಿ.

ಎರಡನೆಯದು ಸ್ಪ್ಲಿಟ್ ಮೌತ್. ಒಂದೇ ಬಾಯಲ್ಲಿ ಒಂದು ಪಕ್ಕಕ್ಕೆ ಒಂದು ಚಿಕಿತ್ಸೆ, ಇನ್ನೊಂದು ಪಕ್ಕಕ್ಕೆ ಇನ್ನೊಂದು. ರೋಗಿಯೇ ತನಗೆ ತಾನು ಹೋಲಿಕೆ, ಹಾಗಾಗಿ ಕಡಿಮೆ ಜನ ಸಾಕು, ಎಂಡಿಎಸ್ ಟ್ರಯಲ್‌ಗಳಲ್ಲಿ ಇದು ಅಚ್ಚುಮೆಚ್ಚು. ಇದನ್ನು ಜೋಡಿಯಾಗಿ ವಿಶ್ಲೇಷಿಸಬೇಕು. ಎರಡು ಬೇರೆ ಬೇರೆ ಗುಂಪಿನವರಂತೆ ಸಾಮಾನ್ಯ ರೀತಿಯಲ್ಲಿ ಲೆಕ್ಕ ಹಾಕಿದರೆ ಇಲ್ಲಿ ಉಲ್ಟಾ ಆಗುತ್ತದೆ, ಇಂಟರ್ವಲ್ ಸಾಮಾನ್ಯವಾಗಿ ಅಗಲವಾಗಿ, ಆ ಟ್ರಯಲ್‌ಗೆ ಸಲ್ಲಬೇಕಾದಷ್ಟು ತೂಕ ಸಿಗುವುದಿಲ್ಲ. ಜೊತೆಗೆ, ಒಂದು ಪಕ್ಕದ ಚಿಕಿತ್ಸೆ ಇನ್ನೊಂದು ಪಕ್ಕಕ್ಕೆ ಹರಡುವ ತೊಂದರೆ. ಎಡಗಡೆ ಕ್ಲೋರ್‌ಹೆಕ್ಸಿಡಿನ್ ಜೆಲ್ ಹಚ್ಚಿ ಬಲಗಡೆ ಏನೂ ಹಚ್ಚಲಿಲ್ಲ ಅಂದರೆ ಎಂಜಲು ಅದನ್ನು ಕೇಳುತ್ತದಾ? ಎರಡೂ ಕಡೆ ತಲುಪಿಸುತ್ತದೆ, ವ್ಯತ್ಯಾಸ ಕಡಿಮೆ ಕಾಣುತ್ತದೆ. ಹಲ್ಲಿನ ಗೀರುಗಳನ್ನು ಮುಚ್ಚುವ ಸೀಲಂಟ್‌ನಂಥ ಸ್ಥಳೀಯ ಚಿಕಿತ್ಸೆಗಳಿಗೆ ಈ ಭಯ ಕಡಿಮೆ. ರಿವ್ಯೂನವರು ಸ್ಪ್ಲಿಟ್ ಮೌತ್ ಟ್ರಯಲ್‌ಗಳನ್ನು ಬೇರೆಯಾಗಿ ಗುರುತಿಸಿದ್ದಾರಾ, ಎರಡು ಬಗೆಯನ್ನೂ ಸೇರಿಸುವಾಗ ಏನು ಮಾಡಿದೆವು ಅಂತ ಒಂದು ಸಾಲಾದರೂ ಬರೆದಿದ್ದಾರಾ ನೋಡಿ. ಒಂದು ಮಾತೂ ಇಲ್ಲದಿದ್ದರೆ ಅವರಿಗೆ ಹೊಳೆದೇ ಇಲ್ಲ ಅಂತ ಅರ್ಥ.

ಮೂರನೆಯದು ಅಳತೆ. ಪ್ಲಾಕ್‌ಗೆ ಒಬ್ಬರು ಕ್ವಿಗ್ಲಿ ಹೈನ್, ಇನ್ನೊಬ್ಬರು ಸಿಲ್ನೆಸ್ ಲೋ, ಹೀಗೆ ಬೇರೆ ಬೇರೆ ಇಂಡೆಕ್ಸ್ ಬಳಸುತ್ತಾರೆ. ಎಲ್ಲ ಸೇರಿಸೋಕೆ ಸ್ಟ್ಯಾಂಡರ್ಡೈಸ್ಡ್ ಮೀನ್ ಡಿಫರೆನ್ಸ್ (ಬೇರೆ ಬೇರೆ ಅಳತೆಗಳನ್ನು ಒಂದೇ ಘಟಕಕ್ಕೆ ತರುವ ಲೆಕ್ಕ) ಬಳಸಿದಾಗ ಕೊನೆಗೆ ಸಿಗುವ ಸಂಖ್ಯೆ ಕ್ಲಿನಿಕ್ಕಿನಲ್ಲಿ ಏನು ಅಂತ ಯಾರಿಗೂ ಅರ್ಥವಾಗುವುದಿಲ್ಲ. 2014ರ ಕಾಕ್ರೇನ್ ರಿವ್ಯೂ ಒಂದನ್ನು ನೋಡಿ, ಪವರ್ ಬ್ರಶ್ ಮತ್ತು ಕೈ ಬ್ರಶ್ ಹೋಲಿಸಿದ್ದು, 56 ಟ್ರಯಲ್‌ಗಳಿದ್ದವು. ಒಂದರಿಂದ ಮೂರು ತಿಂಗಳಲ್ಲಿ ಪ್ಲಾಕ್ 11% ಕಡಿಮೆ, ಮೂರು ತಿಂಗಳ ಮೇಲೆ 21% ಕಡಿಮೆ, ಒಸಡಿನ ಉರಿಯೂತ ಕ್ರಮವಾಗಿ 6% ಮತ್ತು 11% ಕಡಿಮೆ ಅಂತ ಓದುಗರಿಗೆ ಅರ್ಥವಾಗುವ ಹಾಗೆ ತಿರುಗಿಸಿ ಹೇಳಿದ್ದರು. ಅಷ್ಟೇ ಅಲ್ಲ, ಇದರ ಕ್ಲಿನಿಕಲ್ ಮಹತ್ವ ಸ್ಪಷ್ಟವಿಲ್ಲ ಅಂತಲೂ ಬರೆದಿದ್ದರು. ಜಾಹೀರಾತಿನಲ್ಲಿ ಈ ಎರಡನೇ ವಾಕ್ಯ ಬರುವುದಿಲ್ಲ ಅಂತ ಬೇರೆ ಹೇಳಬೇಕಾ. ಹಲ್ಲು ಮತ್ತು ಒಸಡಿನ ನಡುವಿನ ಪಾಕೆಟ್ ಆಳದ ವಿಷಯದಲ್ಲೂ ಹೀಗೇ. ಪ್ರೋಬಿನ ಗೀಟುಗಳು ಇರುವುದೇ ಮಿಲಿಮೀಟರ್ ಲೆಕ್ಕದಲ್ಲಿ, 0.2 ಮಿಮೀ ವ್ಯತ್ಯಾಸಕ್ಕೆ ಪಿ ವ್ಯಾಲ್ಯೂ ಎಷ್ಟೇ ಚಿಕ್ಕದಿರಲಿ, ರೋಗಿಗೆ ಅದರಿಂದ ಏನು?

ಬಯಾಸ್ ಕೋಷ್ಟಕ ಬರೀ ಅಲಂಕಾರವಾ?

9 ಮತ್ತು 13ನೇ ಪ್ರಶ್ನೆಗಳನ್ನು ಒಟ್ಟಿಗೆ ಓದಿ. 9ನೆಯದು ಒಳಗಿನ ಅಧ್ಯಯನಗಳ ಬಯಾಸ್ (ಫಲಿತಾಂಶವನ್ನು ಒಂದು ಕಡೆಗೆ ವಾಲಿಸುವ ದೋಷ) ಅಳೆದ ರೀತಿ ಸರಿಯಿದೆಯಾ ಅಂತ ಕೇಳುತ್ತದೆ. ರ‍್ಯಾಂಡಮೈಸ್ಡ್ ಟ್ರಯಲ್‌ಗಳಿಗೆ ಈಗ 2019ರ ರಾಬ್ 2, ರ‍್ಯಾಂಡಮೈಸ್ ಆಗದವುಗಳಿಗೆ 2016ರ ರಾಬಿನ್ಸ್ ಐ. ಹಳೆಯ ಕಾಕ್ರೇನ್ ಸಾಧನ ಇದ್ದರೂ ನಡೆಯುತ್ತದೆ. 1996ರ ಜದಾದ್ ಸ್ಕೋರ್ ಮಾತ್ರ ಬಳಸಿದ್ದರೆ ಅನುಮಾನಪಡಿ, ಅದು ಯಾರು ಯಾವ ಗುಂಪಿಗೆ ಹೋಗುತ್ತಾರೆ ಅಂತ ಮುಚ್ಚಿಟ್ಟಿದ್ದರಾ ಅಂತ ಕೇಳುವುದೇ ಇಲ್ಲ. ಕಣ್ಣು ಕಟ್ಟುವ (ಯಾವ ಚಿಕಿತ್ಸೆ ಅಂತ ಗೊತ್ತಾಗದಂತೆ ಮಾಡುವ) ವಿಷಯದಲ್ಲಿ ರಿವ್ಯೂನವರ ತೀರ್ಪನ್ನೂ ಪರೀಕ್ಷಿಸಿ: ಕೈಯಲ್ಲಿ ಹಿಡಿದದ್ದು ಪವರ್ ಬ್ರಶ್ ಅಂತ ರೋಗಿಗೆ ಗೊತ್ತಾಗದೆ ಇರುತ್ತದಾ? "ಡಬಲ್ ಬ್ಲೈಂಡ್" ಅಂತ ಟ್ರಯಲ್‌ನಲ್ಲಿ ಬರೆದಿದ್ದನ್ನು ಹಾಗೇ ನಂಬಿ ಕಡಿಮೆ ಬಯಾಸ್ ಅಂತ ಹಸಿರು ಬಣ್ಣ ಹಾಕಿದ್ದರೆ ಅವರು ಟ್ರಯಲ್ ಓದಿಲ್ಲ.

13ನೆಯದು ಇನ್ನೂ ಸೂಕ್ಷ್ಮ. ಅಳೆದದ್ದನ್ನು ತೀರ್ಮಾನದಲ್ಲಿ ಬಳಸಿದ್ದಾರಾ? ಕೋಷ್ಟಕದ ತುಂಬ ಕೆಂಪು, ಹಳದಿ ಚುಕ್ಕಿ, ತೀರ್ಮಾನದಲ್ಲಿ "ಪರಿಣಾಮಕಾರಿ ಎಂದು ಸಾಬೀತಾಗಿದೆ" ಅಂತ ಧೈರ್ಯ. ಮೇಲೆ ಹೇಳಿದ ಬ್ರಶ್ ರಿವ್ಯೂನಲ್ಲಿ 56ರಲ್ಲಿ ಐದು ಟ್ರಯಲ್ ಮಾತ್ರ ಕಡಿಮೆ ಬಯಾಸ್‌ನವು, ಐದು ಹೆಚ್ಚಿನವು, 46 ಅಸ್ಪಷ್ಟ, ಅದನ್ನು ಸಾರಾಂಶದಲ್ಲೇ ಹೇಳಿಬಿಟ್ಟಿದ್ದಾರೆ. ಹಾಗೆ ಇರಬೇಕು.

ಜೊತೆಗೆ 10 ಮತ್ತು 16 ನೋಡಿ, ದುಡ್ಡಿನ ಪ್ರಶ್ನೆಗಳು. ಒಳಗಿನ ಟ್ರಯಲ್‌ಗಳಿಗೆ ಯಾರು ದುಡ್ಡು ಕೊಟ್ಟರು ಅಂತ ರಿವ್ಯೂ ಹೇಳಬೇಕು, ರಿವ್ಯೂ ಬರೆದವರಿಗೂ ಹಿತಾಸಕ್ತಿ ಇದೆಯಾ ಅಂತ ಹೇಳಬೇಕು. ಇವು ನಿರ್ಣಾಯಕ ಪಟ್ಟಿಯಲ್ಲಿ ಇಲ್ಲ, ನಿಜ. ಆದರೆ ಇಂಪ್ಲಾಂಟ್, ಟೂತ್‌ಪೇಸ್ಟ್, ಅಲೈನರ್, ಬೋನ್ ಗ್ರಾಫ್ಟ್ ಇಂಥವುಗಳಲ್ಲಿ ನಾನಂತೂ ಇವನ್ನು ನಿರ್ಣಾಯಕ ಅಂತಲೇ ಓದುತ್ತೇನೆ. ವಿಷಯಕ್ಕೆ ತಕ್ಕಂತೆ ನಿರ್ಣಾಯಕ ಪಟ್ಟಿ ಬದಲಾಯಿಸಿಕೊಳ್ಳಲು ಸಾಧನವೂ ಅವಕಾಶ ಕೊಡುತ್ತದೆ, ಆದರೆ ರಿವ್ಯೂ ನೋಡುವ ಮುಂಚೆಯೇ ನಿರ್ಧರಿಸಿ ಬರೆದಿಡಬೇಕು.

11ರಲ್ಲಿ, ಮತ್ತು ಕೆಲವು ಫಲಿತಾಂಶಗಳು ಅಚ್ಚಾಗದೆ ಉಳಿದಿರಬಹುದಾ (ಪ್ರಕಟಣೆಯ ಬಯಾಸ್) ಅಂತ ಕೇಳುವ 15ರಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪುಗಳು ಎರಡು. ಐ ಸ್ಕ್ವೇರ್ (ಅಧ್ಯಯನಗಳ ಫಲಿತಾಂಶ ಒಂದಕ್ಕೊಂದು ಎಷ್ಟು ಬೇರೆ ಅನ್ನೋ ಅಳತೆ) 50% ದಾಟಿದರೆ ರ‍್ಯಾಂಡಮ್ ಎಫೆಕ್ಟ್ಸ್ (ಪರಿಣಾಮ ಅಧ್ಯಯನಕ್ಕೊಂದು ಬಗೆ ಅನ್ನೋ ಮಾದರಿ), ಇಲ್ಲದಿದ್ದರೆ ಫಿಕ್ಸ್ಡ್ (ಎಲ್ಲದರಲ್ಲೂ ಒಂದೇ ಅನ್ನೋ ಮಾದರಿ) ಅಂತ ಯಾಂತ್ರಿಕವಾಗಿ ಆರಿಸುವುದು ಒಂದು. ಮಾದರಿಯನ್ನು ಅಧ್ಯಯನಗಳು ನಿಜಕ್ಕೂ ಎಷ್ಟು ಹೋಲುತ್ತವೆ ಅಂತ ನೋಡಿ ಮೊದಲೇ ಆರಿಸಬೇಕು. ಇನ್ನೊಂದು, ನಾಲ್ಕು ಟ್ರಯಲ್ ಇಟ್ಟುಕೊಂಡು ಪ್ರಕಟಣೆಯ ಬಯಾಸ್ ಪತ್ತೆಗೆ ಬಳಸುವ ಫನಲ್ ಪ್ಲಾಟ್ ಚಿತ್ರ ಬಿಡಿಸಿ, "ಸಮಮಿತಿ ಇದೆ, ಪ್ರಕಟಣೆಯ ಬಯಾಸ್ ಇಲ್ಲ" ಅನ್ನುವುದು. ಹತ್ತಕ್ಕಿಂತ ಕಡಿಮೆ ಇದ್ದರೆ ಆ ಚಿತ್ರದಿಂದ ಏನೂ ಗೊತ್ತಾಗುವುದಿಲ್ಲ. ಮೆಟಾ ಅನಾಲಿಸಿಸ್ ಮಾಡಿಯೇ ಇಲ್ಲ ಅಂದರೆ 11, 12, 15 ಅನ್ವಯಿಸುವುದಿಲ್ಲ ಅಂತ ಬರೆಯಿರಿ, ಇಲ್ಲ ಅಂತ ಬರೆಯಬೇಡಿ.

ತೀರ್ಪು ಮತ್ತು ಅದರ ಮಿತಿ

ನಿರ್ಣಾಯಕ ದೋಷ ಇಲ್ಲ, ಸಣ್ಣ ದೋಷ ಹೆಚ್ಚೆಂದರೆ ಒಂದು: ಉತ್ತಮ. ಸಣ್ಣ ದೋಷ ಒಂದಕ್ಕಿಂತ ಜಾಸ್ತಿ: ಮಧ್ಯಮ. ನಿರ್ಣಾಯಕ ದೋಷ ಒಂದು: ಕಡಿಮೆ. ಒಂದಕ್ಕಿಂತ ಜಾಸ್ತಿ: ತೀರಾ ಕಡಿಮೆ. ಈ ಸಾಧನ ಬಹಳ ಕಟುವಾದದ್ದು, ಕಾಕ್ರೇನ್ ಬಿಟ್ಟು ಹೊರಗಿನ ಡೆಂಟಲ್ ರಿವ್ಯೂಗಳನ್ನು ಹಾಕಿ ನೋಡಿ, ಕೆಳಗಿನ ಎರಡು ಮೆಟ್ಟಿಲಲ್ಲೇ ಗುಂಪುಗೂಡುತ್ತವೆ. ಎಲ್ಲವೂ ತೀರಾ ಕಡಿಮೆ ಅಂತ ಬಂದರೆ ಯಾವುದು ಕಡಿಮೆ ಕೆಟ್ಟದ್ದು ಅಂತ ಹೇಗೆ ಗೊತ್ತಾಗಬೇಕು? ಹಾಗಾಗಿ ಅಂತಿಮ ಪದಕ್ಕಿಂತ ಯಾವ ಪ್ರಶ್ನೆಯಲ್ಲಿ ಬಿತ್ತು ಅನ್ನೋದು ಮುಖ್ಯ. ಕೈಬಿಟ್ಟ ಅಧ್ಯಯನಗಳ ಪಟ್ಟಿ ಕೊಡದೆ ಬಿದ್ದದ್ದೂ, ಹಲ್ಲುಗಳನ್ನು ರೋಗಿಗಳಂತೆ ಎಣಿಸಿ ಬಿದ್ದದ್ದೂ ಒಂದೇ ಅಲ್ಲ.

ರೋಬಿಸ್ 2016ರದ್ದು. ಅದು ಬರೀ ಬಯಾಸ್ ಕಡೆ ನೋಡುತ್ತದೆ: ಸೇರಿಸುವ ಮಾನದಂಡ, ಹುಡುಕಾಟ ಮತ್ತು ಆಯ್ಕೆ, ಮಾಹಿತಿ ಸಂಗ್ರಹ ಮತ್ತು ಮೌಲ್ಯಮಾಪನ, ಸಂಯೋಜನೆ, ಹೀಗೆ ನಾಲ್ಕು ಭಾಗ, ಕೊನೆಗೆ ಒಟ್ಟು ತೀರ್ಪು. ಜಾಸ್ತಿ ಯೋಚನೆ ಬೇಡುತ್ತದೆ, ಟಿಕ್ ಹಾಕಿ ಮುಗಿಸಲು ಬಿಡುವುದಿಲ್ಲ. ಸಮಯ ಇದ್ದರೆ ನನ್ನ ಆಯ್ಕೆ ಇದೇ.

ರಿವ್ಯೂ ಚೆನ್ನಾಗಿದೆ ಅಂದರೆ ಸಾಕ್ಷ್ಯ ಗಟ್ಟಿ ಅಂತಲ್ಲ, ಇದನ್ನು ಬೆರೆಸಬೇಡಿ. 2019ರ ಕಾಕ್ರೇನ್ ರಿವ್ಯೂ ಫ್ಲಾಸ್ ಮತ್ತು ಇಂಟರ್‌ಡೆಂಟಲ್ ಬ್ರಶ್ ಬಗ್ಗೆ 35 ಟ್ರಯಲ್ ನೋಡಿತು, ಕೆಲಸ ಅಚ್ಚುಕಟ್ಟು, ಆದರೆ ಸಾಕ್ಷ್ಯದ ಖಾತ್ರಿ ಕಡಿಮೆ ಅಥವಾ ತೀರಾ ಕಡಿಮೆ. 2018ರದ್ದು ಮಾಮೂಲಿ ಸ್ಕೇಲಿಂಗ್ ಬಗ್ಗೆ, ಎರಡೇ ಟ್ರಯಲ್, 1711 ಜನ, ಆರು ತಿಂಗಳಿಗೋ ವರ್ಷಕ್ಕೋ ಮಾಡಿಸಿಕೊಂಡವರಿಗೂ ಮಾಡಿಸಿಕೊಳ್ಳದವರಿಗೂ ಎರಡು ಮೂರು ವರ್ಷದಲ್ಲಿ ಒಸಡಿನ ಉರಿಯೂತದಲ್ಲಿ ವ್ಯತ್ಯಾಸ ಅಷ್ಟಾಗಿ ಇಲ್ಲ, ಖಾತ್ರಿ ಹೆಚ್ಚು. ಆದರೆ ಅವರೆಲ್ಲ ನಿಯಮಿತವಾಗಿ ದಂತವೈದ್ಯರ ಬಳಿ ಹೋಗುವ, ತೀವ್ರ ಒಸಡು ರೋಗ ಇಲ್ಲದ ಬ್ರಿಟನ್ನಿನ ವಯಸ್ಕರು. ಜೀವಮಾನದಲ್ಲಿ ಮೊದಲ ಸಲ ಕುರ್ಚಿ ಹತ್ತಿದ, ಗುಟ್ಕಾ ಜಗಿಯುವ ರೋಗಿಗೆ ಇದನ್ನು ಹೇಳಿ ಕಳಿಸಲಾಗುವುದಿಲ್ಲ. ನೀರಿಗೆ ಫ್ಲೋರೈಡ್ ಸೇರಿಸುವ ಬಗೆಗಿನ 2024ರ ಕಾಕ್ರೇನ್ ರಿವ್ಯೂ ಕೂಡ ಹಾಗೇ, ನೀರಲ್ಲಿ ಫ್ಲೋರೈಡ್ ಮೊದಲೇ ಅತಿಯಾಗಿರುವ ಕೋಲಾರದಲ್ಲೋ ಪಾವಗಡದಲ್ಲೋ ಕೂತು ಓದುವವರಿಗೆ ಬೋರ್‌ವೆಲ್ ನೀರಿನಿಂದ ಫ್ಲೋರೈಡ್ ತೆಗೆಯುವುದು ಹೇಗೆ ಅನ್ನೋದೇ ಚಿಂತೆ. ಆಮ್‌ಸ್ಟಾರ್ ಇದು ನಮ್ಮ ರೋಗಿಗೆ ಹೊಂದುತ್ತದಾ ಅಂತ ಕೇಳುವುದಿಲ್ಲ, ನೀವೇ ಕೇಳಬೇಕು.

ಡಿಸರ್ಟೇಶನ್‌ಗೆ ಮಾಡುವವರಿಗೆ: ಇಬ್ಬರು ಬೇರೆ ಬೇರೆ ಕೂತು ತುಂಬಿ. ಮೊದಲು ಎರಡು ಮೂರು ರಿವ್ಯೂ ಮೇಲೆ ಪ್ರಯತ್ನಿಸಿ, "ಭಾಗಶಃ ಹೌದು" ಅಂದರೆ ನಮ್ಮ ಲೆಕ್ಕದಲ್ಲಿ ಏನು ಅಂತ ಒಪ್ಪಿಕೊಳ್ಳಿ. ಅದು 2, 4, 7, 8, 9 ಈ ಐದಕ್ಕೆ ಮಾತ್ರ ಇರುವ ಉತ್ತರ, ಉಳಿದಕ್ಕೆ ಬಳಸಬೇಡಿ. ಭಿನ್ನಾಭಿಪ್ರಾಯ ಬಂದರೆ ಗೈಡ್ ಹೇಳಿದ್ದೇ ಸರಿ ಅಂತ ಮುಗಿಸದೆ, ಪೇಪರ್‌ನ ಯಾವ ಸಾಲಿನಿಂದ ಆ ಉತ್ತರ ಬಂತು ಅಂತ ಇಬ್ಬರೂ ತೋರಿಸಿ. ಕೋಷ್ಟಕದಲ್ಲಿ ಹೌದು, ಇಲ್ಲ ಪಕ್ಕದಲ್ಲಿ ಆ ಸಾಲಿನ ಪುಟ ಸಂಖ್ಯೆ ಹಾಕಿ, ವೈವಾದಲ್ಲಿ ಕೇಳುವುದು ಅದನ್ನೇ.